ಯಾರು ಯಾರಿಗೆ ಒಗ್ಗಬೇಕು?

ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಹಾಲು ಉಕ್ಕಿತು. ಗೃಹಪ್ರವೇಶದ ದಿನ ಎಲ್ಲರೂ ಸುತ್ತ ನಿಂತು ಉಕ್ಕಿಸುತ್ತಾರಲ್ಲ, ಹಾಗಲ್ಲ. ಹೇಳದೆ ಕೇಳದೆ ಉಕ್ಕಿ, ಹೊಸ ಸ್ಟೌ ಮೇಲೆಲ್ಲ ಹರಿದು, ಅಡುಗೆ ಕಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕಿತು. ಅಜ್ಜಿ ಹಾಲಿನ ಮುಂದೆಯೇ ನಿಂತಿದ್ದರು. ಉಕ್ಕಿ ಬರುವುದನ್ನು ಕಂಡಿದ್ದರು, ಕೈ ಚಾಚಿದ್ದರು, ನಾಬ್ ಕೂಡ ತಿರುಗಿಸಿದ್ದರು. ಆರಿದ್ದು ಮಾತ್ರ ದೋಸೆ ಕಾವಲಿಯ ಕೆಳಗಿನ ಉರಿ.

"ವಯಸ್ಸಾಯ್ತು ಕಣೇ, ತಲೆ ಓಡಲ್ಲ ಈಗ," ಅಂದರು ಅಜ್ಜಿ, ಬಟ್ಟೆಯಲ್ಲಿ ಹಾಲು ಒರೆಸುತ್ತ.

ಪುಟ್ಟಿ ನನ್ನ ತಂಗಿಯ ಮಗಳು, ಆರನೇ ಕ್ಲಾಸು. ವಾರದ ಕೊನೆಗೆ ಬೆಂಗಳೂರಿನ ಕೆಂಗೇರಿ ಉಪನಗರದ ನಮ್ಮನೆಗೆ ಬರುತ್ತಾಳೆ. "ತಾಳು ಅಜ್ಜಿ, ನಾನು ತೋರಿಸ್ತೀನಿ" ಎಂದು ಮುಂದೆ ಬಂದಳು. ನಾನು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, "ಸರಿ, ಬಲಗಡೆ ಹಿಂದಿನ ಒಲೆಯ ನಾಬ್ ಯಾವುದು, ಥಟ್ ಅಂತ ಹೇಳು" ಅಂದೆ. ಬೆರಳು ಒಂದು ನಾಬಿನ ಮೇಲೆ ಹೋಯಿತು, ತಡವರಿಸಿತು, ಪಕ್ಕದ್ದಕ್ಕೆ ಜಾರಿತು. ಕೊನೆಗೆ ಮುಟ್ಟಿದ್ದು ತಪ್ಪು. ಪುಟ್ಟಿಗೆ ಹನ್ನೊಂದು ವರ್ಷ. ಅವಳ ತಲೆ ಚೆನ್ನಾಗಿಯೇ ಓಡುತ್ತದೆ.

ಹಾಗಾದರೆ ತಪ್ಪು ಎಲ್ಲಿದೆ?

ನಿಮ್ಮನೆಯಲ್ಲೂ ನಾಲ್ಕು ಒಲೆಯ ಸ್ಟೌ ಇದ್ದರೆ ಒಮ್ಮೆ ನೋಡಿ (ನೋಡಿದರೆ ಸಾಕು, ತಿರುಗಿಸುವುದು ಬೇಡ). ಒಲೆಗಳು ಮುಂದೆ ಎರಡು, ಹಿಂದೆ ಎರಡು, ಚೌಕಾಬಾರದ ಮನೆಯ ಹಾಗೆ ಕೂತಿರುತ್ತವೆ. ನಾಬುಗಳು ಮಾತ್ರ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದೇ ಸಾಲಿನಲ್ಲಿರುತ್ತವೆ. ಎಡಗಡೆ ಎರಡು ನಾಬು ಎಡಗಡೆಯ ಎರಡು ಒಲೆಗಳದ್ದು, ಅಷ್ಟು ಗೊತ್ತಾಗುತ್ತದೆ. ಅವೆರಡರಲ್ಲಿ ಯಾವುದು ಮುಂದಿನದು, ಯಾವುದು ಹಿಂದಿನದು? ಸಾಲು ಅದನ್ನು ಹೇಳುವುದೇ ಇಲ್ಲ. ನಾವು ನೆನಪಿಟ್ಟುಕೊಳ್ಳಬೇಕು. ಹಾಲು ಉಕ್ಕುವಾಗ ನೆನಪು ಎಲ್ಲಿರುತ್ತದೆ ಹೇಳಿ!

ಇದನ್ನೇ ಅಮೆರಿಕದಲ್ಲಿ ಅಲ್ಫಾನ್ಸ್ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬಿಬ್ಬರು 1959ರಲ್ಲಿ ಪರೀಕ್ಷಿಸಿ ನೋಡಿದರು. ಒಲೆ ಮತ್ತು ನಾಬುಗಳನ್ನು ನಾಲ್ಕು ಬಗೆಯಾಗಿ ಜೋಡಿಸಿದರು. ಜನರನ್ನು ಕರೆದು, ಹೇಳಿದ ಒಲೆಯ ನಾಬನ್ನು ಬೇಗ ಮುಟ್ಟಿ ಎಂದು ಮತ್ತೆ ಮತ್ತೆ ಕೇಳಿದರು. ಒಂದೊಂದು ಜೋಡಣೆಗೂ 1,200 ಸಲ. ಮೂರು ಜೋಡಣೆಗಳಲ್ಲಿ ಜನ ತಪ್ಪಿದರು, ಮತ್ತೆ ತಪ್ಪಿದರು. ನಾಲ್ಕನೆಯದರಲ್ಲಿ 1,200 ಸಲಕ್ಕೆ ಒಂದೇ ಒಂದು ತಪ್ಪೂ ಇಲ್ಲ. ಅದರಲ್ಲಿದ್ದ ಮಾಯೆ ಏನು ಗೊತ್ತೆ? ಹಿಂದಿನ ಒಲೆಗಳೂ ಮುಂದಿನ ಒಲೆಗಳೂ ಒಂದೇ ನೇರಕ್ಕೆ ಬಾರದ ಹಾಗೆ ತುಸು ಪಕ್ಕಕ್ಕೆ ಸರಿಸಿದ್ದರು, ಅಷ್ಟೆ. ಆಗ ಎಡದಿಂದ ಬಲಕ್ಕೆ ನೋಡಿದರೆ ಒಲೆಗಳಿಗೂ ಒಂದು ಸಾಲು ಸಿಗುತ್ತದೆ, ಆ ಸಾಲು ನಾಬುಗಳ ಸಾಲಿಗೆ ಸರಿಯಾಗಿ ಕೂರುತ್ತದೆ. ಬಣ್ಣ ಬೇಡ, ಚೀಟಿ ಬೇಡ, ನೆನಪೂ ಬೇಡ.

"ಅಜ್ಜಿ, ನಿಂದು ತಪ್ಪಲ್ಲ, ಸ್ಟೌದು!" ಪುಟ್ಟಿ ತೀರ್ಪು ಕೊಟ್ಟಳು. ಅಜ್ಜಿ ನಂಬಲಿಲ್ಲ. ದೊಡ್ಡವರಿಗೆ ತಮ್ಮನ್ನೇ ಬೈದುಕೊಳ್ಳುವ ಅಭ್ಯಾಸ ಜಾಸ್ತಿ.

ಈ ಚಪಾನಿಸ್ ಒಲೆಗೆ ಬರುವ ಮುಂಚೆ ವಿಮಾನದಲ್ಲಿದ್ದವರು. ಎರಡನೇ ಮಹಾಯುದ್ಧದ ಕಾಲ, 1943ರ ಸುಮಾರು. ಬಿ-17 ಎಂಬ ದೊಡ್ಡ ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ, ಇನ್ನೂ ರನ್‌ವೇಯಲ್ಲಿ ಇರುವಾಗಲೇ, ಇದ್ದಕ್ಕಿದ್ದಂತೆ ಹೊಟ್ಟೆ ಕೆಳಗಾಗಿ ಕುಸಿದು ಕೂರುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನು ಮಡಿಸಿಬಿಡುತ್ತಿದ್ದರು. ಪೈಲಟ್ ದಣಿದಿದ್ದಾನೆ, ಗಮನವಿಲ್ಲ ಎಂದು ಎಲ್ಲರೂ ಅವರನ್ನೇ ದೂರುತ್ತಿದ್ದರು. ಚಪಾನಿಸ್ ಪೈಲಟ್‌ನ ಸೀಟಿನಲ್ಲಿ ಕೂತು ನೋಡಿದರು. ಫ್ಲ್ಯಾಪಿನ ಸ್ವಿಚ್ಚೂ ಚಕ್ರದ ಸ್ವಿಚ್ಚೂ ಅಕ್ಕಪಕ್ಕ ಇವೆ, ಮುಟ್ಟಿದರೆ ಎರಡೂ ಒಂದೇ ಥರ! ನಮ್ಮ ಅಜ್ಜಿಯ ಸ್ಟೌವೇ ಆಕಾಶಕ್ಕೆ ಹಾರಿದ ಹಾಗೆ. ಅವರು ಮಾಡಿದ ಪರಿಹಾರವನ್ನು ಪುಟ್ಟಿ ಕೂಡ ಮಾಡಬಲ್ಲಳು: ಚಕ್ರದ ಸ್ವಿಚ್ಚಿಗೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನ ಸ್ವಿಚ್ಚಿಗೆ ರೆಕ್ಕೆಯ ಅಂಚಿನಂಥ ಚಪ್ಪಟೆ ತುಂಡು. ಕಣ್ಣು ಮುಂದೆ ನೋಡುತ್ತಿದ್ದರೂ ಬೆರಳಿಗೆ ಗೊತ್ತಾಗಬೇಕು. ಇಂದಿಗೂ ದೊಡ್ಡ ವಿಮಾನಗಳ ಕಾಕ್‌ಪಿಟ್ ಚಿತ್ರ ತೆಗೆದು ನೋಡಿ, ಚಕ್ರ ಇಳಿಸುವ ಹಿಡಿಯ ತುದಿ ಚಕ್ರದ ಆಕಾರದಲ್ಲೇ ಇರುತ್ತದೆ.

ಇಂಥ ವಿಷಯಗಳನ್ನು ನೋಡುವ ವಿಜ್ಞಾನಕ್ಕೆ ಅರ್ಗೊನಾಮಿಕ್ಸ್ ಎಂದು ಹೆಸರು. ಪೋಲೆಂಡಿನ ಯಾಸ್ತ್‌ಷೆಂಬೊವ್‌ಸ್ಕಿ ಎಂಬ ಪಂಡಿತರು 1857ರಲ್ಲೇ ಈ ಹೆಸರಿಟ್ಟರು. ಗ್ರೀಕ್ ಭಾಷೆಯ 'ಕೆಲಸ', 'ನಿಯಮ' ಎಂಬೆರಡು ಪದ ಸೇರಿಸಿ ಮಾಡಿದ್ದು. ನನಗೆ ಕೇಳಿದರೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ಆಗಲೇ ಇದೆ: ಒಗ್ಗುವುದು. ಹೊಸ ಚಪ್ಪಲಿ ಕಚ್ಚಿದರೆ "ಎರಡು ದಿನ ಹಾಕ್ಕೋ, ಒಗ್ಗುತ್ತೆ" ಅನ್ನುತ್ತಾರಲ್ಲ, ಅದೇ. ನಾವು ಯಾವಾಗಲೂ ವಸ್ತುವಿಗೆ ಒಗ್ಗಲು ಹೋಗುತ್ತೇವೆ. ಬೆಂಚು ಎತ್ತರವೇ? ಕಾಲು ನೇತಾಡಿಸಿಕೊಂಡು ಒಗ್ಗುತ್ತೇವೆ. ಬ್ಯಾಗು ಭಾರವೇ? ಬೆನ್ನು ಬಾಗಿಸಿ ಒಗ್ಗುತ್ತೇವೆ. ಈ ವಿಜ್ಞಾನ ಅದನ್ನು ತಲೆಕೆಳಗು ಮಾಡುತ್ತದೆ. ಮನುಷ್ಯರ ಮೈ ಹೇಗಿದೆ, ಕಣ್ಣು ಕಿವಿ ಹೇಗೆ ಕೆಲಸ ಮಾಡುತ್ತವೆ, ಮನಸ್ಸು ಎಲ್ಲಿ ಎಡವುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಎಂದು ಮೊದಲು ಅಳೆದು ನೋಡು, ಆಮೇಲೆ ವಸ್ತು ಮಾಡು ಎನ್ನುತ್ತದೆ.

"ಅಳೆದು ನೋಡೋದು ಅಂದ್ರೆ ಟೇಪಲ್ಲಾ?" ಪುಟ್ಟಿ ಆಗಲೇ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದಿದ್ದಳು. ಆ ದಿನವೆಲ್ಲ ಅದು ಅವಳ ಕೊರಳಲ್ಲೇ ಇತ್ತು, ದರ್ಜಿಗಳ ಹಾಗೆ.

ಮೂವರೂ ಮೆಜೆಸ್ಟಿಕ್‌ಗೆ ಹೊರಟೆವು. ಹೊಯ್ಸಳ ಸರ್ಕಲ್ ಹತ್ತಿರ ಬಸ್ಸು ಹತ್ತುವಾಗ ಪುಟ್ಟಿ ಮೊದಲು ಅಜ್ಜಿಯ ಮಂಡಿ ನೋಡಿದಳು. ಅಜ್ಜಿಗೆ ಮೆಟ್ಟಿಲು ಅಂದರೆ ಮಂಡಿ, ಮಂಡಿ ಅಂದರೆ ನೋವು. ಹಳೇ ಬಸ್ಸಿನಲ್ಲಿ ಹತ್ತುವುದೆಂದರೆ ಎರಡು ಮೂರು ಎತ್ತರದ ಮೆಟ್ಟಿಲು. ನೆಲ ತಗ್ಗಿನಲ್ಲಿರುವ ಹೊಸ ಬಗೆಯ ನಗರ ಬಸ್ಸುಗಳಲ್ಲಿ ರಸ್ತೆಯಿಂದ ಬಸ್ಸಿನ ನೆಲ ಸುಮಾರು 400 ಮಿಲಿಮೀಟರ್ ಎತ್ತರ ಇರುತ್ತದೆ. ನಿಮ್ಮ ಮೂವತ್ತು ಸೆಂಟಿಮೀಟರ್ ಸ್ಕೇಲಿಗಿಂತ ತುಸು ಹೆಚ್ಚು, ಒಂದೇ ಹೆಜ್ಜೆ. ಒಂದು ಹೆಜ್ಜೆ ಕಡಿಮೆಯಾದರೆ ಒಬ್ಬ ಅಜ್ಜಿಗೆ ಉಳಿಯುವುದು ಒಂದು ಕ್ಷಣ. ನಿಲ್ದಾಣದಲ್ಲಿ ಹತ್ತು ಜನ ಹತ್ತುವವರಿದ್ದರೆ ಅಂಥ ಹತ್ತು ಕ್ಷಣ ಉಳಿದು ಬಸ್ಸೂ ಬೇಗ ಹೊರಡುತ್ತದೆ. ಮಂಡಿಯ ಲೆಕ್ಕವೂ ಟ್ರಾಫಿಕ್ಕಿನ ಲೆಕ್ಕವೂ ಇಲ್ಲಿ ಒಂದೇ.

ಬಸ್ಸಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಂಡಕ್ಟರುಗಳು ಡ್ರೈವರಿಗೆ ಹೇಳುವುದು ಮುಖ್ಯವಾಗಿ ಎರಡೇ ಮಾತು. ನಿಲ್ಲಿಸಬೇಕಾದರೆ "ಹೋಲ್ಡಾನ್!" ಹೊರಡಬೇಕಾದರೆ "ರೈಟ್ ರೈಟ್!" ಇಂಗ್ಲಿಷರು ಬಿಟ್ಟುಹೋದ ಈ ಎರಡು ಮಾತುಗಳನ್ನು ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಒಂದು 'ಹೋ' ಎಂದು ಬಾಯಗಲಿಸಿ ಎಳೆಯುತ್ತದೆ, ಇನ್ನೊಂದು ಚುರುಕಾಗಿ ಎರಡು ಸಲ ಬಡಿಯುತ್ತದೆ. ಇಂಜಿನ್ ಗುರುಗುಟ್ಟುತ್ತಿರಲಿ, ಜನ ಕೂಗಾಡುತ್ತಿರಲಿ, ಅರ್ಧ ಮಾತು ಕೇಳಿಸಿದರೂ ಡ್ರೈವರಿಗೆ ಯಾವುದು ಎಂದು ಗೊತ್ತಾಗುತ್ತದೆ. ಇದರ ಬದಲು ನಿಲ್ಲಿಸಲು "ಹೋಲ್ಡಾನ್", ಹೊರಡಲು "ಹೋಗೋಣ" ಎಂದಿದ್ದರೆ? ಸದ್ದಿನ ನಡುವೆ ಬರೀ 'ಹೋ' ಕೇಳಿಸಿ ಎಷ್ಟು ಜನ ಬಾಗಿಲಲ್ಲಿ ಜಾರುತ್ತಿದ್ದರೋ.

ವಿಮಾನದವರಿಗೆ ಇದೇ ತೊಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬಂದಿತ್ತು. ರೇಡಿಯೊದಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳಿಸುತ್ತವೆ. ಬೇರೆ ಬೇರೆ ಭಾಷೆಯವರ ಬಾಯಲ್ಲಿ, ಬೇರೆ ಬೇರೆ ಭಾಷೆಯವರ ಕಿವಿಯಲ್ಲಿ ಪರೀಕ್ಷೆ ಮಾಡಿ ಒಂದೊಂದು ಅಕ್ಷರಕ್ಕೆ ಒಂದೊಂದು ಪದ ಆರಿಸಿದರು: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಹೀಗೆ. 1956ರಿಂದ ಜಗತ್ತಿನ ವಿಮಾನಗಳೆಲ್ಲ ಈ ಪಟ್ಟಿಯನ್ನೇ ಬಳಸುತ್ತಿವೆ. ನಮ್ಮ ಕಂಡಕ್ಟರಿಗೆ ಯಾರೂ ಪರೀಕ್ಷೆ ಮಾಡಿಕೊಟ್ಟಿರಲಿಲ್ಲ. ಬಳಸಿ ಬಳಸಿ ಉಳಿದುಕೊಂಡ ಮಾತುಗಳು ಅವು.

ಕೆಂಗೇರಿ ಬಸ್ ಟರ್ಮಿನಲ್ ಹತ್ತಿರ ಇಳಿದು ಮೆಟ್ರೋ ಹತ್ತಿದೆವು. ನೇರಳೆ ಮಾರ್ಗ ಕೆಂಗೇರಿಯ ತನಕ ಬಂದದ್ದು 2021ರ ಆಗಸ್ಟ್ ಕೊನೆಯಲ್ಲಿ. ಆಮೇಲೆ ಎರಡು ವರ್ಷ ಕೆಂಗೇರಿಯೇ ಕಡೆಯ ನಿಲ್ದಾಣ. 2023ರ ಅಕ್ಟೋಬರಿನಲ್ಲಿ ರೈಲು ಚಲ್ಲಘಟ್ಟಕ್ಕೂ ಹೋಯಿತು. ಪ್ಲಾಟ್‌ಫಾರಂ ಮೇಲೆ ಪುಟ್ಟಿ ಹಳದಿ ಹಂಚಿನ ಮೇಲೆ ಚಪ್ಪಲಿ ಬಿಟ್ಟು ನಿಂತಳು. "ಇಲ್ಲಿ ಗೆರೆ ಇದೆ, ಅಲ್ಲಿ ಬರೀ ಗುಳ್ಳೆ ಇದೆ ದೊಡ್ಡಮ್ಮ, ಯಾಕೆ?"

ಈ ಹಂಚು ಓದುವುದು ಕಾಲು. ಉದ್ದ ಗೆರೆಗಳಿದ್ದರೆ 'ಹೀಗೇ ಮುಂದೆ ಬನ್ನಿ' ಎಂದರ್ಥ. ಗುಂಡು ಗುಳ್ಳೆಗಳಿದ್ದರೆ 'ನಿಲ್ಲಿ, ಮುಂದೆ ತಿರುವಿದೆ ಅಥವಾ ಅಪಾಯವಿದೆ' ಎಂದರ್ಥ. ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಕಣ್ಣು ಕಾಣದವರಿಗಾಗಿ ಇದನ್ನು ಕಂಡುಹಿಡಿದರು. 1967ರ ಮಾರ್ಚ್ 18ರಂದು ಒಕಯಾಮಾ ಊರಿನ ಅಂಧ ಮಕ್ಕಳ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಸಿದರು. ಅಲ್ಲಿಂದ ನಡೆದು ನಡೆದು ಅದು ಕೆಂಗೇರಿಗೂ ಬಂದಿದೆ. ಹಳದಿ ಬಣ್ಣ ಯಾಕೆಂದರೆ, ಕಣ್ಣು ಮಂಜಾದ ಅನೇಕರಿಗೂ ಆ ಬಣ್ಣ ಎದ್ದು ಕಾಣುತ್ತದೆ. ಪ್ಲಾಟ್‌ಫಾರಂ ಅಂಚಿನಲ್ಲಿ ಈ ಗುಳ್ಳೆಗಳು ಇರಲೇಬೇಕು. ನಮ್ಮ ಮೆಟ್ರೋಗೆ ತಲೆ ಮೇಲೆ ತಂತಿ ಇಲ್ಲ, ಗಮನಿಸಿದ್ದೀರಾ? ವಿದ್ಯುತ್ತು ಕೆಳಗೆ ಹಳಿಗಳ ಪಕ್ಕದ ಮೂರನೇ ಹಳಿಯಲ್ಲಿ ಹರಿಯುತ್ತದೆ, 750 ವೋಲ್ಟ್. ಹಂಚಿನಾಚೆ ಹೆಜ್ಜೆ ಇಡಬೇಡಿ ಎಂದು ಕಣ್ಣಿಗೂ ಕಿವಿಗೂ ಕಾಲಿಗೂ ಬೇರೆ ಬೇರೆಯಾಗಿ ಹೇಳುವುದು ಅದಕ್ಕೇ. ಒಂದು ತಪ್ಪಿದರೆ ಇನ್ನೊಂದು ಎಚ್ಚರಿಸಲಿ ಎಂದು.

ಒಳಗೆ ಸೀಟು ಸಿಕ್ಕಿದ್ದು ಅಜ್ಜಿಗೆ ಮಾತ್ರ. ಮೇಲಿನಿಂದ ನೇತಾಡುವ ಹಿಡಿಕೆಗೆ ಪುಟ್ಟಿ ಕೈ ಎತ್ತಿದಳು. ಬೆರಳ ತುದಿಗೂ ಸಿಗಲಿಲ್ಲ. ಪಕ್ಕದಲ್ಲಿದ್ದ ಎತ್ತರದ ಹುಡುಗನೊಬ್ಬನ ಹಣೆಗೆ ಅದೇ ಹಿಡಿಕೆ ತಾಗುತ್ತಿತ್ತು. ಇಬ್ಬರಿಗೂ ಅದು ಒಗ್ಗಿಲ್ಲ. ಪುಟ್ಟಿ ನಡುವಿನ ನೆಟ್ಟ ಕಂಬ ಹಿಡಿದಳು. ಆ ಹುಡುಗನೂ ಅದೇ ಕಂಬ ಹಿಡಿದ, ಅವಳ ಕೈಗಿಂತ ಎರಡು ಗೇಣು ಮೇಲೆ. ಎರಡು ವರ್ಷದ ಒಂದು ಮಗು ಬಂದು ಬುಡದಲ್ಲಿ ಅಪ್ಪಿಕೊಂಡಿತು. ಒಂದು ಕಂಬ, ಮೂರು ಎತ್ತರ, ಯಾರಿಗೂ ತಕರಾರಿಲ್ಲ.

ಅಷ್ಟು ಹೊತ್ತಿಗೆ ಮೆಟ್ರೋ ನಾಯಂಡಹಳ್ಳಿ ದಾಟುತ್ತಿತ್ತು. ನಾನು ಪುಟ್ಟಿಗೆ ಒಂದು ಕಥೆ ಹೇಳಿದೆ. ಇದು ನನ್ನ ಮೆಚ್ಚಿನ ಕಥೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1950ರಲ್ಲಿ ಅಮೆರಿಕದ ವಾಯುಪಡೆಗೆ ಒಂದು ತಲೆನೋವು. ಹೊಸ ವಿಮಾನಗಳ ವೇಗ ಹೆಚ್ಚಾಗಿತ್ತು, ಪೈಲಟ್‌ಗಳು ಎಡವುತ್ತಿದ್ದರು. ಕೂರುವ ಸೀಟು, ಪೆಡಲು, ಹಿಡಿ ಎಲ್ಲವನ್ನೂ ಸರಾಸರಿ ಪೈಲಟ್‌ನ ಅಳತೆಗೆ ಮಾಡಿದ್ದರು. ಆ ಸರಾಸರಿ ಹಳೆಯದಾಯಿತೇನೋ, ಮತ್ತೆ ಅಳೆಯೋಣ ಎಂದು 4,063 ಪೈಲಟ್‌ಗಳ ಮೈ ಅಳೆದರು. ಅಳೆದವರಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಇಪ್ಪತ್ತಮೂರು ವರ್ಷದ ತರುಣನಿದ್ದ. ಅವನಿಗೆ ಒಂದು ಅನುಮಾನ ಬಂತು: ಈ ಸರಾಸರಿ ಪೈಲಟ್ ಅನ್ನುವವನು ನಿಜವಾಗಿ ಇದ್ದಾನೆಯೇ? ಎತ್ತರ, ಎದೆ ಸುತ್ತಳತೆ, ತೋಳಿನ ಉದ್ದ ಹೀಗೆ ಹತ್ತು ಅಳತೆ ಆರಿಸಿದ. ಸರಿಯಾಗಿ ಸರಾಸರಿಯೇ ಆಗಬೇಕಿಲ್ಲ, ಅದರ ಆಚೀಚೆ ಇದ್ದರೂ ಸಾಕು ಎಂದು ಧಾರಾಳವಾಗಿ ಜಾಗ ಬಿಟ್ಟ. ಹತ್ತರಲ್ಲೂ ಈ ನಡುವಿನ ಜಾಗಕ್ಕೆ ಬರುವವರು ಎಷ್ಟು ಜನ ಎಂದು ಎಣಿಸಿದ.

"ಸಾವಿರ?" ಅಂದಳು ಪುಟ್ಟಿ. "ಐನೂರು?"

ಸೊನ್ನೆ. 4,063 ಜನರಲ್ಲಿ ಒಬ್ಬನೂ ಇಲ್ಲ. ಹತ್ತರ ಬದಲು ಮೂರೇ ಅಳತೆ ಇಟ್ಟರೂ ನೂರಕ್ಕೆ ನಾಲ್ಕು ಜನ ಕೂಡ ಸಿಗಲಿಲ್ಲ. ಒಬ್ಬನ ತೋಳು ಉದ್ದ, ಕಾಲು ಮೋಟು. ಇನ್ನೊಬ್ಬನ ಎದೆ ಅಗಲ, ಸೊಂಟ ಸಣ್ಣ. ಯಾರೂ ಇಲ್ಲದ ಒಬ್ಬ ಮನುಷ್ಯನಿಗಾಗಿ ಸೀಟು ಮಾಡಿ, ಇರುವ ಮನುಷ್ಯರನ್ನೆಲ್ಲ ಅದರಲ್ಲಿ ಕೂರಿಸಿದ್ದರು! ಡೇನಿಯಲ್ಸ್ 1952ರಲ್ಲಿ ಈ ಲೆಕ್ಕ ಪ್ರಕಟಿಸಿದ. ವಾಯುಪಡೆ ದಾರಿ ಬದಲಿಸಿತು: ಸೀಟು ಹಿಂದೆ ಮುಂದೆ ಸರಿಯಬೇಕು, ಮೇಲೆ ಕೆಳಗೆ ಆಗಬೇಕು, ಬೆಲ್ಟು ಬಿಗಿಯಾಗಿ ಸಡಿಲಾಗಿ ಹೊಂದಬೇಕು. ಇವತ್ತು ಕಾರಿನಲ್ಲಿ ಕೂತ ಕೂಡಲೇ ನಿಮ್ಮಪ್ಪ ಸೀಟಿನ ಕೆಳಗೆ ಕೈ ಹಾಕಿ ಸರಕ್ ಎಂದು ಹಿಂದೆ ಹೋಗುತ್ತಾರಲ್ಲ, ಆ ಸರಕ್ ಹಿಂದೆಯೂ ಇದೇ ವಿಚಾರವಿದೆ.

ನಿಮ್ಮ ಕ್ಲಾಸಿನಲ್ಲೂ ಇದನ್ನು ಮಾಡಿ ನೋಡಬಹುದು. ಎತ್ತರ, ಮೊಣಕಾಲಿನ ಎತ್ತರ, ಅಂಗೈ ಉದ್ದ, ತಲೆ ಸುತ್ತಳತೆ, ನಾಲ್ಕೇ ಸಾಕು. ಸರಾಸರಿ ತೆಗೆದು, ನಾಲ್ಕರಲ್ಲೂ ಸರಾಸರಿಯ ಹತ್ತಿರ ಇರುವವರು ಯಾರೆಂದು ಹುಡುಕಿ. ಅಂಗೈ ಅಳೆಯುವಾಗ ಕಚಗುಳಿ ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೀಟು ಸರಿಸಿಕೊಳ್ಳುವುದಕ್ಕಿಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಬಾಹ್ಯಾಕಾಶದವರು. ರಾಕೇಶ್ ಶರ್ಮಾ 1984ರಲ್ಲಿ ಸೋಯುಜ್ ನೌಕೆಯಲ್ಲಿ ಹೋದರಲ್ಲ, ಆ ನೌಕೆಯಲ್ಲಿ ಪ್ರತಿಯೊಬ್ಬರ ಸೀಟಿನ ಒಳಪದರವನ್ನು ಅವರವರ ಮೈಯ ಅಚ್ಚು ತೆಗೆದು ಮಾಡುತ್ತಾರೆ. ಅವರ ಬೆನ್ನು ಅವರಿಗೇ, ಬೇರೆಯವರಿಗೆ ಕೂರದು. ನೆಲಕ್ಕೆ ಬಂದು ಬೀಳುವಾಗಿನ ಪೆಟ್ಟು ಬೆನ್ನಿನ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಲಿ ಎಂದು. ಆ ಅಚ್ಚಿನಲ್ಲಿ ತಲೆಯ ಕಡೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಯಾಕೆ ಹೇಳಿ? ತೂಕವೇ ಇಲ್ಲದ ಜಾಗದಲ್ಲಿ ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ ಹಿಗ್ಗಿ, ಗಗನಯಾತ್ರಿಗಳು ಕೆಲವು ಸೆಂಟಿಮೀಟರ್ ಉದ್ದವಾಗಿ ವಾಪಸು ಬರುತ್ತಾರೆ! ಇಂಥ ವಿಷಯಗಳ ಕೆಲಸ ನಮ್ಮ ಊರಲ್ಲೂ ನಡೆಯುತ್ತದೆ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಕಡೆ 1957ರಲ್ಲಿ ಶುರುವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ. ಆಕಾಶದಲ್ಲಿ ಮನುಷ್ಯನ ಮೈಗೂ ಮನಸ್ಸಿಗೂ ಏನಾಗುತ್ತದೆ ಎಂದು ನೋಡುವುದೇ ಅವರ ಕೆಲಸ. ನಮ್ಮ ದೇಶದ ಗಗನಯಾನಕ್ಕೆ ಹೊರಡುವವರನ್ನು ಆರಿಸುವ ಪರೀಕ್ಷೆಗಳು ಮೊದಲು ನಡೆದದ್ದೂ ಅಲ್ಲೇ.

ಒಂದು ಮಾತು ಸೇರಿಸಬೇಕು. ಅಳತೆ ಎಂದರೆ ಯಾರ ಅಳತೆ? ಬೇರೆ ದೇಶದವರ ಮೈಗೆ ಮಾಡಿದ ಕುರ್ಚಿ ನಮಗೆ ದೊಡ್ಡದಾಗುತ್ತದೆ, ಹಿಡಿ ದಪ್ಪವಾಗುತ್ತದೆ. ಅದಕ್ಕೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ದೇಬಕುಮಾರ್ ಚಕ್ರವರ್ತಿ ಭಾರತೀಯರ ಮೈಯ ಅಳತೆಗಳದ್ದೇ ಒಂದು ಪುಸ್ತಕ ತಂದರು, 1997ರಲ್ಲಿ. ನಮ್ಮ ಕುರ್ಚಿ, ಮೇಜು, ಉಪಕರಣ ಮಾಡುವವರು ಅದನ್ನು ತೆರೆದು ನೋಡುತ್ತಾರೆ. ಎಲ್ಲರೂ ನೋಡುತ್ತಾರೆ ಎಂದು ನಾನು ಹೇಳಲಾರೆ. ನಾನು ಕೂತ ಎಷ್ಟೋ ಕುರ್ಚಿಗಳು ಬೇರೆಯದೇ ಸಾಕ್ಷಿ ಹೇಳುತ್ತವೆ.

ಮೆಜೆಸ್ಟಿಕ್‌ನಲ್ಲಿ ಕೆಲಸ ಮುಗಿಸಿ, ವಾಪಸು ಬರುವಾಗ ಅಜ್ಜಿಯ ಆಸೆಯಂತೆ ರೈಲು ಹಿಡಿದೆವು. ಮೈಸೂರು ಕಡೆಯ ಪ್ಯಾಸೆಂಜರ್. ಕೆಂಗೇರಿ ಸ್ಟೇಷನ್ನಿನಲ್ಲಿ ನಮ್ಮ ಬೀದಿಯ ತಾತನೊಬ್ಬರು ಸಿಕ್ಕರು, ನಿವೃತ್ತ ಲೋಕೋ ಪೈಲಟ್, ಅಂದರೆ ರೈಲು ಓಡಿಸುತ್ತಿದ್ದವರು. ಪುಟ್ಟಿಯ ಕೊರಳ ಟೇಪು ನೋಡಿ ಕಥೆಯೆಲ್ಲ ಕೇಳಿ, "ನಮ್ಮ ಇಂಜಿನ್ನಲ್ಲಿ ಟೇಪು ಬೇಡಮ್ಮ, ಬಾಯಿ ಬೇಕು" ಅಂದರು.

ಇಂಜಿನ್ನಿನಲ್ಲಿ ಇಬ್ಬರಿರುತ್ತಾರೆ. ದೂರದಲ್ಲಿ ಸಿಗ್ನಲ್ ಕಂಡ ಕೂಡಲೇ ಅದರ ಬಣ್ಣವನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಾವೂ ನೋಡಿ ಮತ್ತೆ ಗಟ್ಟಿಯಾಗಿ ಹೇಳಬೇಕು. ಪಕ್ಕದಲ್ಲೇ ಕೂತವರಿಗೆ ಕೂಗಿ ಹೇಳುವುದೇಕೆ? "ಕಣ್ಣು ಸುಳ್ಳು ಹೇಳುತ್ತೆ ಪುಟ್ಟಿ. ದಿನಾ ಹಸಿರೇ ಇರೋ ಸಿಗ್ನಲ್ಲು ಇವತ್ತು ಕೆಂಪಿದ್ರೂ ಹಸಿರಾಗೇ ಕಾಣುತ್ತೆ. ಬಾಯಲ್ಲಿ ಹೇಳಬೇಕಾದ್ರೆ ಮತ್ತೊಂದು ಸಲ ನೋಡಲೇಬೇಕು," ಅಂದರು ತಾತ.

ಜಪಾನಿನ ರೈಲಿನವರು ಇದನ್ನು ಇನ್ನೂ ಚೆಂದ ಮಾಡುತ್ತಾರೆ. ಬಿಳಿ ಕೈಗವಸಿನ ಬೆರಳನ್ನು ನೇರ ಚಾಚಿ, ಸಿಗ್ನಲ್ ತೋರಿಸಿ, ಕೂಗಿ ಹೇಳುತ್ತಾರೆ. ನೋಡುವವರಿಗೆ ನಗು ಬರುತ್ತದೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಒಂದು ಪ್ರಯೋಗ ಮಾಡಿತು. ಸುಮ್ಮನೆ ಕೆಲಸ ಮಾಡಿದಾಗ ನೂರಕ್ಕೆ 2.38 ತಪ್ಪು. ಬೆರಳು ತೋರಿಸಿ ಕೂಗಿ ಮಾಡಿದಾಗ 0.38. ನೂರರಲ್ಲಿ ಎರಡು ತಪ್ಪೇನು ಮಹಾ ಅನ್ನಬೇಡಿ. ರೈಲು ದಾರಿಯಲ್ಲಿ ಒಂದು ದಿನಕ್ಕೆ ಎಷ್ಟು ಸಿಗ್ನಲ್ ದಾಟುತ್ತದೆ, ಎಣಿಸಿ ನೋಡಿ.

ತಾತ ಇನ್ನೊಂದು ಗುಟ್ಟು ಹೇಳಿದರು. ಇಂಜಿನ್ನಿನಲ್ಲಿ ಒಂದು ಎಚ್ಚರಿಕೆಯ ಯಂತ್ರ ಇರುತ್ತದೆ. ಸುಮಾರು ಒಂದು ನಿಮಿಷ ಪೈಲಟ್ ಏನನ್ನೂ ಮುಟ್ಟದೆ ಕೂತರೆ ಅದು ದೀಪ ಹೊತ್ತಿಸುತ್ತದೆ. ಆಗಲೂ ಸುಮ್ಮನಿದ್ದರೆ ಸದ್ದು ಮಾಡುತ್ತದೆ. ಅದಕ್ಕೂ ಉತ್ತರವಿಲ್ಲವೆಂದರೆ ತಾನೇ ಬ್ರೇಕ್ ಹಾಕುತ್ತದೆ. ರಾತ್ರಿ ಮೂರು ಗಂಟೆಗೆ ಮನುಷ್ಯನಿಗೆ ನಿದ್ದೆ ಬರುವುದು ಸೋಮಾರಿತನವಲ್ಲ, ಮೈಯೊಳಗಿನ ಗಡಿಯಾರ ಹಾಗಿದೆ. ಅದನ್ನು ಬೈದು ಏನು ಮಾಡುವುದು? ಯಾರು ಎಷ್ಟು ಹೊತ್ತು ಕೆಲಸ ಮಾಡಬೇಕು, ಎಷ್ಟು ಹೊತ್ತು ಮಲಗಬೇಕು ಎಂದು ಯೋಚಿಸಿ ಪಾಳಿ ಹಾಕುವುದೂ ಈ ವಿಜ್ಞಾನದ್ದೇ ಒಂದು ದೊಡ್ಡ ಭಾಗ.

ಮನೆಗೆ ಬಂದ ಮೇಲೆ ಪುಟ್ಟಿಯ ಸೋಮವಾರದ ಬ್ಯಾಗು ತೂಗಿದೆವು. ಐದೂವರೆ ಕಿಲೊ. ಕರ್ನಾಟಕ ಸರ್ಕಾರ 2019ರಲ್ಲಿ ಬ್ಯಾಗಿನ ತೂಕಕ್ಕೆ ಒಂದು ಆದೇಶ ಹೊರಡಿಸಿದೆ. ಒಂದು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೊ, ಐದರವರೆಗೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು, ಒಂಬತ್ತು ಹತ್ತಕ್ಕೆ ನಾಲ್ಕರಿಂದ ಐದು. ಹಾಗಾದರೆ ಪುಟ್ಟಿಯ ಬ್ಯಾಗು ಒಂದೂವರೆ ಕಿಲೊ ಜಾಸ್ತಿ. ತೆಗೆದು ನೋಡಿದರೆ ತುಂಬಿದ ಒಂದು ಲೀಟರಿನ ನೀರಿನ ಬಾಟಲಿಯೇ ಒಂದು ಕಿಲೊ! ಇನ್ನುಳಿದಿದ್ದರಲ್ಲಿ ಕಳೆದ ವರ್ಷದ ಒಂದು ನೋಟ್‌ಬುಕ್ಕು, ಮೂರು ಚಪ್ಪಟೆ ಕಲ್ಲು. ಕಲ್ಲುಗಳು ಯಾಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾರದ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಬ್ಯಾಗು ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಬೀಳದಿರಲು ನಾವು ಮುಂದಕ್ಕೆ ಬಾಗುತ್ತೇವೆ. ಬೆನ್ನಿನಿಂದ ಭಾರ ದೂರವಾದಷ್ಟೂ ಎಳೆತ ಹೆಚ್ಚು, ಕೈ ಚಾಚಿ ಬಕೆಟ್ ಹಿಡಿದರೆ ಬೇಗ ನೋಯುವ ಹಾಗೆ. ದಪ್ಪ ಪುಸ್ತಕ ಬೆನ್ನಿನ ಕಡೆಗೆ, ಹಗುರದ ಡಬ್ಬಿ ಹೊರಗಡೆಗೆ ಇಟ್ಟು, ಎರಡೂ ಪಟ್ಟಿ ಹಾಕಿ, ಬ್ಯಾಗು ಸೊಂಟದ ಕೆಳಗೆ ಜೋತು ಬೀಳದಂತೆ ಬಿಗಿದೆವು. ತೂಕ ಅಷ್ಟೇ ಇದ್ದರೂ "ಕಮ್ಮಿ ಆಯ್ತು!" ಅಂದಳು.

ಅಜ್ಜಿ ಇಷ್ಟು ಹೊತ್ತು ಸುಮ್ಮನಿದ್ದವರು ಅಟ್ಟದಿಂದ ತಮ್ಮ ತುರಿಮಣೆ ಇಳಿಸಿಕೊಡಲು ಹೇಳಿದರು. "ನಿಮ್ಮ ಅಮೆರಿಕದವರು ಇದನ್ನ ನೋಡಿದ್ದಾರಾ?" ನೋಡಿರಲಿಕ್ಕಿಲ್ಲ, ನೋಡಿದ್ದರೆ ಮೆಚ್ಚುತ್ತಿದ್ದರು. ಕಾಯಿ ತುರಿಯುವಾಗ ಮಣೆ ಅಲುಗಬಾರದು. ಅದನ್ನು ಅಲುಗದಂತೆ ಹಿಡಿಯುವುದು ಯಾರು? ಅದರ ಮೇಲೆ ಕೂತವರ ತೂಕ! ಆಗ ಎರಡೂ ಕೈ ಕಾಯಿಗೆ ಸಿಗುತ್ತವೆ. ಅಲುಗುವುದು ಮೆತ್ತಗಿನ ಕಾಯಿ, ಹರಿತದ ಹಲ್ಲು ನಿಂತಲ್ಲೇ ಇರುತ್ತದೆ. ಈಳಿಗೆ ಮಣೆಯದೂ ಅದೇ ಜಾಣತನ. ಹೆಸರಿಲ್ಲದ ಯಾರೋ ಇದನ್ನು ಎಷ್ಟೋ ಸಲ ತಿದ್ದಿ ತಿದ್ದಿ ಮಾಡಿರಬೇಕು.

ಆದರೆ ಆ ಮಣೆ ಈಗ ಅಟ್ಟ ಸೇರಿದೆ, ಅಜ್ಜಿಯ ಮಂಡಿ ನೆಲಕ್ಕೆ ಬಗ್ಗುವುದಿಲ್ಲ. ನಿಂತು ಮಾಡುವ ಕಟ್ಟೆಯೂ ಅವರಿಗೆ ಎತ್ತರ. ಪುಟ್ಟಿ ಟೇಪು ಹಿಡಿದಳು. ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿದ್ದರೆ ಹಿತ. ಒತ್ತಿ ಲಟ್ಟಿಸುವಂಥ ಕೆಲಸಕ್ಕೆ ಇನ್ನೂ ಕೆಳಗಿರಬೇಕು, ಮೈ ಭಾರ ಹಾಕಬೇಕಲ್ಲ. ಅಜ್ಜಿಯ ಮೊಣಕೈಗೂ ಕಟ್ಟೆಗೂ ನಾಲ್ಕೇ ಸೆಂಟಿಮೀಟರ್ ಅಂತರ. ಚಪಾತಿ ಮಾಡಿದ ದಿನವೆಲ್ಲ ಅವರ ಭುಜ ನೋಯುತ್ತಿದ್ದುದು ಅದಕ್ಕೇ. ಕಟ್ಟೆ ಕಡಿಯಲಾಗುವುದಿಲ್ಲ. ಹಳೇ ಊಟದ ಮಣೆ ಎರಡನ್ನು ಜೋಡಿಸಿ, ಅಲುಗದಂತೆ ಮೊಳೆ ಹೊಡೆದು ಕಾಲ ಕೆಳಗೆ ಕೊಟ್ಟೆವು. ಅಜ್ಜಿ ಎತ್ತರವಾದರು.

ಸ್ಟೌವಿಗೆ ಪುಟ್ಟಿಯ ಪರಿಹಾರ ಬೊಟ್ಟು. ಅಜ್ಜಿಯ ಡಬ್ಬಿಯಿಂದ ಕೆಂಪು, ಹಸಿರು, ನೀಲಿ, ಕಪ್ಪು ಸ್ಟಿಕ್ಕರ್ ಬೊಟ್ಟು ತೆಗೆದು ನಾಬಿಗೊಂದು, ಅದೇ ಬಣ್ಣದ್ದು ಒಲೆಯ ನೇರಕ್ಕೆ ಹಿಂದಿನ ಗೋಡೆಗೊಂದು ಅಂಟಿಸಿದಳು. ಇಪ್ಪತ್ತು ಸಲ ಪರೀಕ್ಷೆ ಮಾಡಿದಳು. ಬೊಟ್ಟಿಲ್ಲದೆ ಅಜ್ಜಿಗೆ ಆರು ತಪ್ಪು, ಬೊಟ್ಟಿದ್ದಾಗ ಎರಡು. ಚಪಾನಿಸ್ ಅವರ ಸೊನ್ನೆ ಬರಲಿಲ್ಲ. ಬೊಟ್ಟಾದರೆ ಒಲೆ ನೋಡಿ, ಬಣ್ಣ ಓದಿ, ಅದೇ ಬಣ್ಣ ಹುಡುಕಬೇಕು. ಒಲೆಗಳೇ ಸರಿಯಾಗಿ ಕೂತಿದ್ದರೆ ಹುಡುಕುವುದೇ ಬೇಡ. ಸಾಲದ್ದಕ್ಕೆ ಬುಧವಾರದ ಹೊತ್ತಿಗೆ ಎಣ್ಣೆ ಜಿಡ್ಡಿಗೆ ಹಸಿರು ಬೊಟ್ಟು ಉದುರಿ ಸಾರಿಗೆ ಬಿತ್ತು.

ಅದೇ ಭಾನುವಾರ ರಾತ್ರಿ ಪುಟ್ಟಿಯನ್ನು ಕರೆದೊಯ್ಯಲು ತಂಗಿ ಬಂದಾಗ ನಡುಮನೆಯಲ್ಲಿ ಸೆಕೆ. "ಸ್ವಲ್ಪ ಫ್ಯಾನ್ ಹಾಕ್ತೀನಿ" ಎಂದು ಎದ್ದವಳು ಗೋಡೆಯ ಬೋರ್ಡಿನ ಮುಂದೆ ನಿಂತಳು. ಒಂದೇ ಥರದ ಎಂಟು ಸ್ವಿಚ್ಚು. ಒಂದನ್ನು ಒತ್ತಿದಳು, ಟಿವಿ ಆರಿತು. ಇನ್ನೊಂದನ್ನು ಒತ್ತಿದಳು, ಬಾಗಿಲ ಹೊರಗಿನ ದೀಪ ಹೊತ್ತಿತು. ಮೂರನೆಯದಕ್ಕೆ ಮನೆಯೆಲ್ಲ ಕತ್ತಲೆ.

ಕತ್ತಲೆಯಲ್ಲಿ ಅಜ್ಜಿಯ ದನಿ ಕೇಳಿಸಿತು: "ನಿಂದು ತಪ್ಪಲ್ಲ ಕಣೇ. ಪುಟ್ಟಿ, ಟೇಪು ತಾ."